ಕೆಂಪು ಬಂಡೆ, ಕೆಂಪು ಕಾಣದ ಕ್ಯಾಮೆರಾ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದವಾಗಿದೆ, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ :)

ಅಮೆರಿಕದ ಯೂಟಾ, ಅರಿಝೋನಾ, ಕೊಲರಾಡೊ, ನ್ಯೂ ಮೆಕ್ಸಿಕೊ ರಾಜ್ಯಗಳು ನಾಲ್ಕೂ ಒಂದೇ ಬಿಂದುವಿನಲ್ಲಿ ಕೂಡುವ ಜಾಗವೊಂದಿದೆ. ಅದರ ಸುತ್ತಲಿನ ಎತ್ತರದ ಒಣ ನೆಲಕ್ಕೆ ಕೊಲರಾಡೊ ಪ್ರಸ್ಥಭೂಮಿ ಅಂತ ಹೆಸರು. ಅಲ್ಲಿಗೆ ಹೋಗದವರೂ ಅದನ್ನು ನೋಡಿರುತ್ತೀರಿ. ಕ್ಯಾಲೆಂಡರಿನಲ್ಲಿ, ಕಾರಿನ ಜಾಹೀರಾತಿನಲ್ಲಿ, ಕೌಬಾಯ್ ಸಿನಿಮಾದಲ್ಲಿ, ಕೊನೆಗೆ ಆಫೀಸಿನ ಪಕ್ಕದ ಸೀಟಿನವನ ಮಾನಿಟರಿನ ವಾಲ್‌ಪೇಪರಿನಲ್ಲಾದರೂ. ಕೆಂಪು ಮರಳುಗಲ್ಲಿನ ಕಂಬಗಳು, ಕಮಾನುಗಳು, ಅಲೆಅಲೆಯಾಗಿ ಕೊರೆದ ಕಿರುಗಣಿವೆಗಳು. ಇವುಗಳಲ್ಲಿ ನವಾಹೋ ಮರಳುಗಲ್ಲು ಎಂಬ ಪದರ ಸುಮಾರು 19 ಕೋಟಿ ವರ್ಷಗಳ ಹಿಂದೆ ನಿಜವಾಗಿಯೂ ಮರಳುಗಾಡಾಗಿತ್ತು. ಗಾಳಿ ಗುಡ್ಡೆ ಹಾಕಿದ ಮರಳ ದಿಬ್ಬಗಳೇ ಹೂತು, ಒತ್ತಡಕ್ಕೆ ಸಿಕ್ಕಿ, ಕಲ್ಲಾದವು. ಕಲ್ಲಿನ ಮೇಲೆ ಈಗ ಕಾಣುವ ಓರೆ ಗೆರೆಗಳು ಆ ದಿಬ್ಬಗಳ ಇಳಿಜಾರುಗಳೇ. ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳ್ಳಗಿನ ಲೇಪವಿದೆ, ಅದೇ ಆ ಕೆಂಪು. ಅಂದರೆ ತುಕ್ಕು!

ಬಾಗಲಕೋಟೆ ಜಿಲ್ಲೆಯವನಾದ ನನಗೆ ಮರಳುಗಲ್ಲು ಹೊಸದಲ್ಲ. ಬಾದಾಮಿಯ ಕಲ್ಲು ಇದಕ್ಕಿಂತ ಎಷ್ಟೋ ಪಾಲು ಹಳೆಯದು. ಆದರೂ ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಆರು ತಿಂಗಳು ಫೀನಿಕ್ಸ್ ಹತ್ತಿರ ಇದ್ದಾಗ, ರಜೆ ಸಿಕ್ಕಾಗಲೆಲ್ಲ ಉತ್ತರಕ್ಕೆ ಕಾರು ಓಡಿಸಿ ಈ ಬಂಡೆಗಳನ್ನು ನೋಡಿ ಬಂದೆ. ಆಗ ತಲೆಗೆ ಹೊಕ್ಕ ಹುಳ ಇದು. ರಸ್ತೆ ಇಲ್ಲ, ನೀರಿಲ್ಲ, ನೆರಳಿಲ್ಲ. ಇಂಥ ಜಾಗದ ಫೋಟೋ ಮೊದಲು ತೆಗೆದವರು ಯಾರು? ಯಾಕೆ ತೆಗೆದರು? ಆ ಫೋಟೋಗಳಿಂದ ಆ ಜಾಗಕ್ಕೆ ಏನಾಯಿತು? ಹುಡುಕುತ್ತಾ ಹೋದ ಹಾಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾಜು, ಬೆಳ್ಳಿ, ಹೇಸರಗತ್ತೆ

ಕತೆ ಶುರುವಾಗುವುದು ಟಿಮೊಥಿ ಓ'ಸಲ್ಲಿವನ್ ಎಂಬಾತನಿಂದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ. 1863ರಲ್ಲಿ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಬಯಲಲ್ಲಿ ಬಿದ್ದ ಹೆಣಗಳ ಫೋಟೋ ತೆಗೆದವನು ಇವನೇ. ಯುದ್ಧ ಮುಗಿಯಿತು, ಸರ್ಕಾರದ ಕಣ್ಣು ಪಶ್ಚಿಮದ ಕಡೆ ತಿರುಗಿತು. ರೈಲು ಎಲ್ಲಿ ಹಾಕಬಹುದು, ಗಣಿ ಎಲ್ಲಿದೆ, ಸೈನ್ಯ ಯಾವ ದಾರಿಯಲ್ಲಿ ಹೋಗಬಹುದು ಅಂತ ನೋಡಲು ಸರ್ವೆ ತಂಡಗಳು ಹೊರಟವು. 1867ರಲ್ಲಿ ಕ್ಲಾರೆನ್ಸ್ ಕಿಂಗ್ ನಡೆಸಿದ ಸರ್ವೆಗೂ, 1871ರಿಂದ ಸೈನ್ಯದ ಎಂಜಿನಿಯರ್ ಜಾರ್ಜ್ ವೀಲರ್ ನಡೆಸಿದ ಸರ್ವೆಗೂ ಓ'ಸಲ್ಲಿವನ್ ಫೋಟೋಗ್ರಾಫರ್ ಆಗಿ ಹೋದ.

ಆಗಿನ ಫೋಟೋ ಅಂದರೆ ಏನು ಗೊತ್ತಾ? ಇದನ್ನು ಓದಿದಾಗ ನನಗೆ ನಿಜಕ್ಕೂ ಬೆವರು ಬಂತು. ಹತ್ತಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಹದ ಮಾಡಿ, ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೊಲೋಡಿಯನ್ ಎಂಬ ಅಂಟುದ್ರವ ಸಿಗುತ್ತದೆ. ತೊಳೆದು ಒರೆಸಿದ ಗಾಜಿನ ಮೇಲೆ ಅದನ್ನು ಎಲ್ಲ ಕಡೆ ಸಮನಾಗಿ ಹರಡುವಂತೆ ಸುರಿಯಬೇಕು. ನಂತರ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಅದು ಒದ್ದೆಯಾಗಿರುವಾಗಲೇ ಕ್ಯಾಮೆರಾದೊಳಗೆ ಇಟ್ಟು, ಚಿತ್ರ ತೆಗೆದು, ಓಡಿ ಬಂದು ಮತ್ತೆ ಕತ್ತಲಲ್ಲಿ ಡೆವಲಪ್ ಮಾಡಬೇಕು. ಕೈಯಲ್ಲಿರುವುದು ಹತ್ತು ಹದಿನೈದು ನಿಮಿಷ ಅಷ್ಟೇ. ಪದರ ಒಣಗಿತೋ, ಗಾಜು ಬರೀ ಗಾಜು. ಮರುಭೂಮಿಯ ಬಿಸಿಗಾಳಿಯಲ್ಲಿ ಅದು ಇನ್ನೂ ಬೇಗ ಒಣಗುತ್ತದೆ. ದೊಡ್ಡದು ಮಾಡುವ ಅನುಕೂಲ ಆಗ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಗಾಜು, ಅದಕ್ಕೆ ತಕ್ಕ ಕ್ಯಾಮೆರಾ. ತೊಳೆಯಲು ಶುದ್ಧ ನೀರು ಬೇಕು. ಸುತ್ತ ಮುತ್ತ ಕುಡಿಯುವ ನೀರಿಗೇ ಗತಿಯಿಲ್ಲ!

ಹಾಗಾಗಿ ಡಾರ್ಕ್ ರೂಮನ್ನೂ ಜೊತೆಗೇ ಒಯ್ಯಬೇಕಿತ್ತು. ಗಾಡಿ ಹೋಗುವ ಕಡೆ ಗಾಡಿಯಲ್ಲಿ, ಹೋಗದ ಕಡೆ ಹೇಸರಗತ್ತೆಯ ಬೆನ್ನ ಮೇಲೆ ಗುಡಾರ ಕಟ್ಟಿಕೊಂಡು. 1867ರಲ್ಲಿ ನೆವಾಡಾದ ಕಾರ್ಸನ್ ಮರುಭೂಮಿಯಲ್ಲಿ ಓ'ಸಲ್ಲಿವನ್ ತೆಗೆದ ಒಂದು ಫೋಟೋ ನನಗೆ ಬಹಳ ಇಷ್ಟ. ಬರೀ ಮರಳಿನ ದಿಬ್ಬ, ನಡುವೆ ಅವನ ಡಾರ್ಕ್ ರೂಮ್ ಗಾಡಿ, ಪ್ರಾಣಿಗಳು. ಆ ಗಾಡಿಯಿಂದ ಕ್ಯಾಮೆರಾ ಇರುವ ಕಡೆಗೆ ಹೆಜ್ಜೆ ಗುರುತುಗಳು ಬಂದಿವೆ. ಒದ್ದೆ ಗಾಜು ಹಿಡಿದುಕೊಂಡು ಅವಸರದಲ್ಲಿ ನಡೆದವನ ಹೆಜ್ಜೆಗಳು ಅವು. ಫೋಟೋ ತೆಗೆಯುವ ಕೆಲಸವೇ ಫೋಟೋದಲ್ಲಿ ಸಿಕ್ಕಿಬಿದ್ದಿದೆ.

1871ರಲ್ಲಿ ವೀಲರ್ ತಂಡ ಕೊಲರಾಡೊ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ದೋಣಿ ಎಳೆದುಕೊಂಡು ಹೋಯಿತು. ಆ ಪಯಣದಲ್ಲಿ ತೆಗೆದ ಗಾಜಿನ ನೆಗೆಟಿವ್‌ಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಸಾಗಿಸುವ ದಾರಿಯಲ್ಲೇ ಹಾಳಾದವು. ಬ್ಯಾಕಪ್ ಇಲ್ಲ, ಕ್ಲೌಡ್ ಇಲ್ಲ. ತಿಂಗಳುಗಟ್ಟಲೆ ಪಟ್ಟ ಪಾಡು ಪುಡಿ ಗಾಜಾಗಿ ಹೋಯಿತು.

ಈಗ ನನಗೆ ಅತಿ ಸೋಜಿಗ ಅನಿಸಿದ ವಿಷಯ. ಕೊಲೋಡಿಯನ್ ಪ್ಲೇಟಿಗೆ ಕಾಣುವುದು ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕು. ಕೆಂಪು ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ನೀಲಿ ಆಕಾಶ ಸುಟ್ಟು ಬೆಳ್ಳಗಾಗುತ್ತದೆ, ಒಂದು ಮೋಡವೂ ಉಳಿಯುವುದಿಲ್ಲ. ಕೆಂಪು ಬಂಡೆ ಕಪ್ಪಗಾಗುತ್ತದೆ. ಅಂದರೆ ಜಗತ್ತಿನಲ್ಲೇ ಅತಿ ಕೆಂಪಾದ ನೆಲವನ್ನು ಜಗತ್ತಿಗೆ ಮೊದಲು ತೋರಿಸಿದ್ದು ಕೆಂಪಿಗೆ ಕುರುಡಾದ ಕ್ಯಾಮೆರಾ! ವಾಷಿಂಗ್ಟನ್‌ನಲ್ಲಿ ಕೂತು ಆಲ್ಬಂ ತಿರುವಿ ನೋಡಿದ ದೊಡ್ಡಮನುಷ್ಯರಿಗೆ ಕಂಡದ್ದು ಕಪ್ಪು ಬಂಡೆ, ಬಿಳಿ ಆಕಾಶ. ನಿರ್ಜನವಾದ, ಚಂದ್ರನ ಮೇಲಿನಂಥ ನೆಲ.

ಆ ನೆಲ ಖಾಲಿ ಇರಲಿಲ್ಲ

1873ರಲ್ಲಿ ಓ'ಸಲ್ಲಿವನ್ ಅರಿಝೋನಾದ ಈಶಾನ್ಯ ಮೂಲೆಯ ಕ್ಯಾನಿಯನ್ ಡಿ ಶೇ ಎಂಬ ಕಣಿವೆಗೆ ಹೋದ. ಅಲ್ಲಿನ ನವಾಹೋ ಜನ (ಅವರು ತಮ್ಮನ್ನು ಡಿನೇ ಅಂತ ಕರೆದುಕೊಳ್ಳುತ್ತಾರೆ) ಈ ಕಣಿವೆಯನ್ನು ಕರೆಯುವ ಹೆಸರಿಗೆ 'ಬಂಡೆಯ ಒಳಗೆ' ಎಂಬ ಅರ್ಥ. ಅದನ್ನೇ ಸ್ಪಾನಿಷ್ ಜನ ತಿರುಚಿ, ಅದನ್ನು ಇಂಗ್ಲಿಷಿನವರು ಇನ್ನಷ್ಟು ತಿರುಚಿ, ಈಗಿನ ಹೆಸರು ಬಂದಿದೆ. ಅಲ್ಲಿ ಆತ ತೆಗೆದ 'ವೈಟ್ ಹೌಸ್' ಅವಶೇಷಗಳ ಫೋಟೋ ಇವತ್ತಿಗೂ ಛಾಯಾಗ್ರಹಣದ ಇತಿಹಾಸದ ಪುಸ್ತಕಗಳಲ್ಲಿ ಇರುತ್ತದೆ. ಮೇಲಿಂದ ಕೆಳಗಿನ ತನಕ ಬರೀ ಕಲ್ಲಿನ ಗೋಡೆ. ಗೋಡೆಯ ಮೇಲೆ ನೀರು ಮತ್ತು ಖನಿಜಗಳು ಎಳೆದ ಗೆರೆಗಳು. ಒಂದು ಗೂಡಿನಲ್ಲಿ ನವಾಹೋಗಳಿಗಿಂತ ಮುಂಚೆ ಇದ್ದ ಪ್ಯೂಬ್ಲೊ ಜನರ ಪೂರ್ವಿಕರು ಕಟ್ಟಿದ ಮನೆಗಳು. ಕಣ್ಣು ಕಿರಿದು ಮಾಡಿ ನೋಡಿದರೆ ಇರುವೆಗಳಂತೆ ಮನುಷ್ಯರು. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಕಲ್ಲಿನ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಕೆಂಪು ಕಾಣದಿದ್ದರೇನಂತೆ, ಮೇಲ್ಮೈಯ ವಿವರದಲ್ಲಿ ಆ ಒದ್ದೆ ಗಾಜಿನ ಮುಂದೆ ನನ್ನ ಮೊಬೈಲು ಏನೂ ಅಲ್ಲ.

ಆದರೆ ಫೋಟೋದಲ್ಲಿ ಕಾಣದ ಸಂಗತಿ ಒಂದಿದೆ. ಅದಕ್ಕೆ ಒಂಬತ್ತು ವರ್ಷ ಹಿಂದೆ, 1864ರಲ್ಲಿ, ಕಿಟ್ ಕಾರ್ಸನ್ ನೇತೃತ್ವದ ಸೈನ್ಯ ಇದೇ ಕಣಿವೆಗೆ ನುಗ್ಗಿತ್ತು. ಬೆಳೆ ಸುಟ್ಟರು, ಕುರಿಗಳನ್ನು ಕೊಂದರು, ಕಣಿವೆಯ ತಳದಲ್ಲಿದ್ದ ಸಾವಿರಾರು ಪೀಚ್ ಮರಗಳನ್ನು ಕಡಿದು ಹಾಕಿದರು. ಹಸಿವಿನಿಂದ ಶರಣಾದ ಜನರನ್ನು ಸುಮಾರು 500 ಕಿಲೋಮೀಟರ್ ದೂರದ ಬೊಸ್ಕೆ ರೆಡೊಂಡೊ ಎಂಬ ಬಯಲಿಗೆ ನಡೆಸಿಕೊಂಡು ಹೋದರು. ನವಾಹೋಗಳು ಅದನ್ನು 'ದೀರ್ಘ ನಡಿಗೆ' ಎನ್ನುತ್ತಾರೆ. 8,000ಕ್ಕೂ ಹೆಚ್ಚು ಜನ ಅಲ್ಲಿ ಸೆರೆಯಲ್ಲಿದ್ದರು, ರೋಗಕ್ಕೆ ಹಸಿವಿಗೆ ಎಷ್ಟೋ ಜನ ಸತ್ತರು. 1868ರ ಒಪ್ಪಂದದ ನಂತರ ಉಳಿದವರು ಮರಳಿ ಬಂದರು. ಓ'ಸಲ್ಲಿವನ್ ಕ್ಯಾಮೆರಾ ಇಟ್ಟಾಗ ಅವರು ಬಂದು ಬರೀ ಐದು ವರ್ಷ. ಅವನು ಅವರನ್ನು ನೋಡದೇ ಇರಲಿಲ್ಲ. ಅದೇ 1873ರಲ್ಲಿ ಫೋರ್ಟ್ ಡಿಫಯನ್ಸ್ ಹತ್ತಿರ ಮಗ್ಗದ ಪಕ್ಕ ಕೂತ ನವಾಹೋ ಕುಟುಂಬದ ಫೋಟೋವನ್ನೂ ತೆಗೆದಿದ್ದಾನೆ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಮನುಷ್ಯರಿಲ್ಲದ ಕಲ್ಲಿನ ಚಿತ್ರ. 'ಇಲ್ಲಿ ಯಾರೂ ಇಲ್ಲ' ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಫೋಟೋವೇ ಹೇಳಿತು.

ಅದೇ ಸಮಯದಲ್ಲಿ ಜಾನ್ ವೆಸ್ಲಿ ಪೊವೆಲ್ ಕೊಲರಾಡೊ ನದಿಯಲ್ಲಿ ಎರಡನೇ ಸಲ ಹೊರಟಿದ್ದ. 1869ರ ಮೊದಲ ಪಯಣದಲ್ಲಿ ಫೋಟೋಗ್ರಾಫರ್ ಇರಲಿಲ್ಲ. 1871ರಲ್ಲಿ ಒಬ್ಬ ಫೋಟೋಗ್ರಾಫರನನ್ನು ಕರೆದುಕೊಂಡು ಹೋದ, ಆತ ನಡುವೆ ಬಿಟ್ಟು ಹೋದ. ಅವನ ಜಾಗಕ್ಕೆ ಬಂದವನಿಗೆ ಕಾಯಿಲೆ. ಕೊನೆಗೆ ದೋಣಿ ಹುಟ್ಟು ಹಾಕಲು ಕೂಲಿಗೆ ಸೇರಿದ್ದ ಜಾನ್ ಹಿಲ್ಲರ್ಸ್ ಎಂಬ ಜರ್ಮನ್ ಮೂಲದ ಮನುಷ್ಯ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತು ತಾನೇ ಫೋಟೋಗ್ರಾಫರ್ ಆದ! ಮುಂದೆ ದಶಕಗಳ ಕಾಲ ಸರ್ಕಾರಿ ಇಲಾಖೆಗಳಿಗೆ ಫೋಟೋ ತೆಗೆದ. ಆ ಕಾಲದಲ್ಲಿ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಕಾಣಿಸುವ ಸ್ಟೀರಿಯೋ ಕಾರ್ಡುಗಳಿಗೆ ಭಾರೀ ಬೇಡಿಕೆ. ಅವನ್ನು ಮಾರಿ ಬಂದ ಹಣವನ್ನು ಪೊವೆಲ್ ಮತ್ತವನ ಜೊತೆಗಾರರು ಹಂಚಿಕೊಂಡರು. ಅಂದರೆ ಈ ಬಂಡೆಗಳು ಫೋಟೋ ಆದ ಮರುಗಳಿಗೆಯೇ ಮಾರಾಟದ ಸರಕೂ ಆದವು.

ಅಂದ ಹಾಗೆ, ನಮ್ಮ ಕಡೆಯ ಮರಳುಗಲ್ಲಿನ ಫೋಟೋ ಇತಿಹಾಸ ಇದಕ್ಕಿಂತ ಹಳೆಯದು. 1855ರಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರಿ ಫೋಟೋಗ್ರಾಫರ್ ಆಗಿದ್ದ ಥಾಮಸ್ ಬಿಗ್ಸ್ ಬಿಜಾಪುರ, ಐಹೊಳೆ, ಬಾದಾಮಿಗಳಲ್ಲಿ ಚಿತ್ರ ತೆಗೆದಿದ್ದ. ಅವನನ್ನು ಸೈನ್ಯ ವಾಪಸು ಕರೆಸಿಕೊಂಡ ಮೇಲೆ ಡಾ. ಪಿಗೌ ಆ ಕೆಲಸ ಮುಂದುವರಿಸಿದ. 1866ರಲ್ಲಿ ಈ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅಲ್ಲೂ ಇಲ್ಲೂ ಕ್ಯಾಮೆರಾ ಹಿಡಿದವರಿಗೆ ಸಂಬಳ ಕೊಟ್ಟಿದ್ದು ಆಳುವ ಸರ್ಕಾರ, ಇದು ಗಮನಿಸಬೇಕಾದ ವಿಷಯ.

ಬಣ್ಣ ಬಂತು, ಜನ ಬಂದರು

ಓ'ಸಲ್ಲಿವನ್ 1882ರಲ್ಲಿ ಕ್ಷಯದಿಂದ ತೀರಿಕೊಂಡ. ಅವನನ್ನು ಎಲ್ಲರೂ ಮರೆತರು. 1930ರ ದಶಕದಲ್ಲಿ ಅವನ ಸರ್ವೆ ಫೋಟೋಗಳ ಹಳೆಯ ಆಲ್ಬಂ ಒಂದು ಆನ್ಸೆಲ್ ಆಡಮ್ಸ್ ಹತ್ತಿರ ಇತ್ತು. ಆಡಮ್ಸ್ ಅದನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂಗೆ ತೋರಿಸಿದ್ದರಿಂದ ಸರ್ಕಾರಿ ಕಡತದ ಚಿತ್ರಗಳು ಕಲೆಯ ಪಟ್ಟಿಗೆ ಸೇರಿದವು. 1941ರಲ್ಲಿ ಆಡಮ್ಸ್ ತಾನೇ ಕ್ಯಾನಿಯನ್ ಡಿ ಶೇಗೆ ಹೋಗಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತು ಅದೇ ವೈಟ್ ಹೌಸ್ ಚಿತ್ರ ತೆಗೆದ. ಅಷ್ಟರಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಕಪ್ಪುಬಿಳುಪು ಫಿಲ್ಮ್ ಬಂದಿತ್ತು. ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಆಕಾಶ ಕಪ್ಪು, ಕೆಂಪು ಬಂಡೆ ಬೆಳ್ಳಗೆ. ಓ'ಸಲ್ಲಿವನ್ ಕಾಲದ್ದಕ್ಕೆ ಪೂರ್ತಿ ಉಲ್ಟಾ! ಯಾವುದು ನಿಜ ಅಂತ ಕೇಳಿದರೆ, ಎರಡೂ ಅಲ್ಲ.

ನಿಜವಾದ ತಿರುವು ಕೊಟ್ಟಿದ್ದು ಬಣ್ಣ. 1935ರಲ್ಲಿ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಬಂತು. ಇತ್ತ ಅರಿಝೋನಾದ ಹೆದ್ದಾರಿ ಇಲಾಖೆ 1925ರಿಂದ 'ಅರಿಝೋನಾ ಹೈವೇಸ್' ಅಂತ ಒಂದು ಪತ್ರಿಕೆ ನಡೆಸುತ್ತಿತ್ತು. ಶುರುವಿನಲ್ಲಿ ಅದು ರಸ್ತೆ ಎಂಜಿನಿಯರುಗಳ ಒಣ ಪತ್ರಿಕೆ. ಟಾರು, ಜಲ್ಲಿ, ಟೆಂಡರು... ಮುಂದೆ ಅದೇ ಪತ್ರಿಕೆ ಮರುಭೂಮಿಯ ಬಣ್ಣದ ಚಿತ್ರಗಳಿಗೆ ಜಗತ್ಪ್ರಸಿದ್ಧವಾಯಿತು. 1946ರ ಡಿಸೆಂಬರ್ ಸಂಚಿಕೆ ಪೂರ್ತಿ ಬಣ್ಣದಲ್ಲೇ ಬಂತು. ಎಂಜಿನಿಯರುಗಳಿಂದಲೂ ಒಳ್ಳೆಯ ಕೆಲಸ ಆಗಿದೆ ನೋಡಿ :)

ಆ ಪತ್ರಿಕೆಗೆ ಚಿತ್ರ ಕೊಡುತ್ತಿದ್ದವರಲ್ಲಿ ಜೋಸೆಫ್ ಮುಂಚ್ ಎಂಬ ಜರ್ಮನ್ ವಲಸಿಗ ಮುಖ್ಯ. ಮಾನ್ಯುಮೆಂಟ್ ವ್ಯಾಲಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಹ್ಯಾರಿ ಗೋಲ್ಡಿಂಗ್ ಎಂಬಾತ ಆರ್ಥಿಕ ಕುಸಿತದ ಕಾಲದಲ್ಲಿ ಮುಂಚ್ ತೆಗೆದ ಫೋಟೋಗಳನ್ನು ಕಟ್ಟಿಕೊಂಡು ಹಾಲಿವುಡ್ಡಿಗೆ ಹೋಗಿ, ನಿರ್ದೇಶಕ ಜಾನ್ ಫೋರ್ಡ್‌ಗೆ ತೋರಿಸುವ ತನಕ ಸ್ಟುಡಿಯೋ ಬಿಟ್ಟು ಕದಲಲಿಲ್ಲ ಎಂಬುದು ಅಲ್ಲಿ ಎಲ್ಲರೂ ಹೇಳುವ ಕತೆ. ಕತೆಗೆ ಉಪ್ಪು ಖಾರ ಎಷ್ಟು ಸೇರಿದೆಯೋ, ಅಂತೂ 1939ರಲ್ಲಿ ಅಲ್ಲಿ ಚಿತ್ರೀಕರಿಸಿದ 'ಸ್ಟೇಜ್‌ಕೋಚ್' ತೆರೆಗೆ ಬಂತು. ನಂತರ 1949ರ 'ಶೀ ವೋರ್ ಎ ಯೆಲ್ಲೋ ರಿಬ್ಬನ್' ಟೆಕ್ನಿಕಲರ್‌ನಲ್ಲಿ ಆ ಕೆಂಪನ್ನು ತೋರಿಸಿ ಛಾಯಾಗ್ರಹಣಕ್ಕೆ ಆಸ್ಕರ್ ಗಳಿಸಿತು. 1956ರ 'ದಿ ಸರ್ಚರ್ಸ್'ನಲ್ಲಿ ಈ ನೆಲವನ್ನು ಟೆಕ್ಸಾಸ್ ಅಂತ ತೋರಿಸಿದ್ದಾರೆ! ಇಡೀ ಲೋಕಕ್ಕೆ 'ಅಮೆರಿಕದ ಪಶ್ಚಿಮ' ಅಂದರೆ ನವಾಹೋಗಳ ಊರಿನ ನಾಲ್ಕು ಬಂಡೆ ಎಂಬಂತಾಯಿತು.

ಇನ್ನೊಂದು ತಮಾಷೆ ಕೇಳಿ. ಯೂಟಾದಲ್ಲಿ ಕೊಡಾಕ್ರೋಮ್ ಬೇಸಿನ್ ಎಂಬ ಉದ್ಯಾನವಿದೆ. 1949ರ ನ್ಯಾಷನಲ್ ಜಿಯಾಗ್ರಫಿಕ್ ಲೇಖನದ ತಂಡ ಆ ಜಾಗಕ್ಕೆ ಫಿಲ್ಮಿನ ಹೆಸರನ್ನೇ ಇಟ್ಟುಬಿಟ್ಟಿತು. ಆ ಫಿಲ್ಮ್ ತಯಾರಿಕೆ 2009ರಲ್ಲಿ ನಿಂತಿತು. 2010ರ ಕೊನೆಯಲ್ಲಿ ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬ್ ಕೂಡ ಆ ಕೆಲಸ ಮುಗಿಸಿತು. ಫಿಲ್ಮ್ ಹೋಯಿತು, ಬಂಡೆಗೆ ಹೆಸರು ಉಳಿಯಿತು.

ಕನ್ನಡದವರಿಗೆ ಈ ಬಂಡೆಗಳೊಂದಿಗೆ ಒಂದು ವಿಚಿತ್ರ ನಂಟೂ ಇದೆ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಟ್ಟೆ ಇಟ್ಟಿದ್ದಾರಲ್ಲ, ಅದರಲ್ಲಿರುವ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾನ್ಯುಮೆಂಟ್ ವ್ಯಾಲಿಯದೂ ಒಂದು. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಕನ್ನಡದ ದನಿಯೂ ಆ ಕೆಂಪು ಬಂಡೆಯೂ ಜೊತೆಗೇ ಹೋಗುತ್ತಿವೆ. ಯಾರಾದರೂ ಅನ್ಯಗ್ರಹದವರು ಕನ್ನಡಿಗರೆಲ್ಲ ಆ ಬಂಡೆಯ ಕೆಳಗೇ ಇರುವವರು ಅಂದುಕೊಂಡರೆ ಆಶ್ಚರ್ಯವಿಲ್ಲ!

ಈ ಎಲ್ಲ ಬಣ್ಣದ ಚಿತ್ರಗಳು ಅಚ್ಚಾಗುತ್ತಿದ್ದ ಕಾಲದಲ್ಲೇ ಅದೇ ನೆಲದ ಮರಳುಗಲ್ಲಿನ ಪದರಗಳಿಂದ ಯುರೇನಿಯಂ ಅಗೆಯುತ್ತಿದ್ದರು. 1944ರಿಂದ 1986ರವರೆಗೆ ನವಾಹೋ ನೆಲದಿಂದ ಸುಮಾರು 3 ಕೋಟಿ ಟನ್ ಅದಿರು ತೆಗೆದರು. ಗಣಿಯೊಳಗೆ ಇಳಿದ ನವಾಹೋ ಗಂಡಸರಿಗೆ ಅಪಾಯ ಏನೆಂದು ಹೇಳಿದವರಿಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ ಅನೇಕರು ಸತ್ತ ಮೇಲೆ, 1990ರಲ್ಲಿ ಪರಿಹಾರದ ಕಾನೂನು ಬಂತು. 500ಕ್ಕೂ ಹೆಚ್ಚು ಬಿಟ್ಟುಹೋದ ಗಣಿಗಳು ಆ ನೆಲದಲ್ಲಿವೆ. ಕ್ಯಾಲೆಂಡರಿನಲ್ಲಿ ಮಾತ್ರ ಒಂದೂ ಇಲ್ಲ. ಫೋಟೋ ಸುಳ್ಳು ಹೇಳಿತು ಅಂತಲ್ಲ. ಚೌಕಟ್ಟಿನ ಆಚೆ ಏನಿದೆ ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ಕೇಳಿದವರು ಕೆಲವರು ಇದ್ದರು. ಲಾರಾ ಗಿಲ್ಪಿನ್ ಎಂಬಾಕೆ 1930ರಲ್ಲಿ ಮೊದಲ ಸಲ ನವಾಹೋ ಸೀಮೆಗೆ ಬಂದವರು. ಅವರ ಗೆಳತಿ ಎಲಿಜಬೆತ್ ಫಾರ್ಸ್ಟರ್ ಅಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದರಿಂದ ಮನೆಗಳ ಒಳಗೆ ಹೋಗುವ ಸಲಿಗೆ ಸಿಕ್ಕಿತು. ಬಂಡೆಗಳ ಜೊತೆಗೆ ಕುರಿ ಕಾಯುವವರು, ನೇಯುವವರು, ಮಕ್ಕಳು, ಅಜ್ಜಿಯರು ಎಲ್ಲರ ಚಿತ್ರಗಳೂ ಇರುವ ಅವರ ಪುಸ್ತಕ ಬಂದದ್ದು 1968ರಲ್ಲಿ. ಹತ್ತಿರ ಹತ್ತಿರ ನಾಲ್ಕು ದಶಕದ ಕೆಲಸ. ನಮ್ಮ ಎರಡು ದಿನದ ವೀಕೆಂಡ್ ಟ್ರಿಪ್ಪಿನ 600 ಫೋಟೋ ನೆನಪಾಗಿ ನಗು ಬಂತು.

ಮುಳುಗಿದ ಕಣಿವೆ

ಈಗ ನನಗೆ ಅತಿ ಹತ್ತಿರವಾದ ಭಾಗಕ್ಕೆ ಬರುತ್ತೇನೆ. 1950ರ ದಶಕದಲ್ಲಿ ಕೊಲರಾಡೊ ನದಿ ಮತ್ತದರ ಉಪನದಿಗಳಿಗೆ ಸಾಲು ಅಣೆಕಟ್ಟು ಕಟ್ಟುವ ಯೋಜನೆ ಬಂತು. ಒಂದು ಅಣೆಕಟ್ಟು ಎಕೋ ಪಾರ್ಕ್ ಎಂಬ ರಕ್ಷಿತ ಪ್ರದೇಶದಲ್ಲಿತ್ತು. ಸಿಯೆರಾ ಕ್ಲಬ್ಬಿನ ಡೇವಿಡ್ ಬ್ರೋವರ್ ಮತ್ತಿತರರು ಹೋರಾಡಿ ಅದನ್ನು ನಿಲ್ಲಿಸಿದರು. 1956ರ ಕಾನೂನಿನಲ್ಲಿ ಎಕೋ ಪಾರ್ಕ್ ಉಳಿಯಿತು, ಗ್ಲೆನ್ ಕ್ಯಾನಿಯನ್ ಹೋಯಿತು. ಗ್ಲೆನ್ ಕ್ಯಾನಿಯನ್ನಿಗೆ ಯಾಕೆ ಯಾರೂ ದನಿ ಎತ್ತಲಿಲ್ಲ? ಅದನ್ನು ನೋಡಿದವರೇ ಕಡಿಮೆ. ಅದರ ಚಿತ್ರ ಜನರ ಮನಸ್ಸಿನಲ್ಲಿ ಇರಲಿಲ್ಲ.

ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಎಲಿಯಟ್ ಪೋರ್ಟರ್ ಎಂಬ ಫೋಟೋಗ್ರಾಫರ್ ಅಲ್ಲಿಗೆ ಹೋದ. ಓದಿದ್ದು ಹಾರ್ವರ್ಡ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಆಮೇಲೆ ಡಾಕ್ಟರಿಕೆ, ಕೊನೆಗೆ ಎರಡನ್ನೂ ಬಿಟ್ಟು ಕ್ಯಾಮೆರಾ. (ಕೆಲಸ ಬಿಡುವ ಆಸೆ ಇರುವ ನಮ್ಮಂಥ ಎಂಜಿನಿಯರುಗಳಿಗೆ ಆದರ್ಶ ಪುರುಷ!) ಪೋರ್ಟರ್ ಬಂಡೆಗಳ ವಿಸ್ತಾರವನ್ನು ತೋರಿಸಲು ಹೋಗಲಿಲ್ಲ. ಕಿರಿದಾದ ಕಣಿವೆಯೊಳಗೆ ನೇರ ಬಿಸಿಲು ಬರುವುದಿಲ್ಲ. ಎದುರು ಗೋಡೆಗೆ ಬಿದ್ದ ಬಿಸಿಲು ಕಿತ್ತಳೆ ಬಣ್ಣವಾಗಿ ಪುಟಿದು ಬರುತ್ತದೆ, ಒದ್ದೆ ಕಲ್ಲಿನ ಮೇಲೆ ಆಕಾಶದ ನೀಲಿ ಮಿಂಚುತ್ತದೆ. ಒಂದೇ ಕಲ್ಲಿನಲ್ಲಿ ಕಿತ್ತಳೆ, ನೇರಳೆ, ನೀಲಿ. ಅದನ್ನು ಆತ ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ಕಾಗದಕ್ಕೆ ಇಳಿಸುವ ಡೈ ಟ್ರಾನ್ಸ್‌ಫರ್ ಎಂಬ ಕಷ್ಟದ ವಿಧಾನದಲ್ಲಿ ಅಚ್ಚು ಹಾಕುತ್ತಿದ್ದ. 1963ರಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದರು. ಅದೇ ವರ್ಷ ಬ್ರೋವರ್ ಸಂಪಾದಿಸಿದ ಪೋರ್ಟರ್ ಪುಸ್ತಕ ಬಂತು. ಅದರ ಹೆಸರಿನ ಅರ್ಥ 'ಯಾರಿಗೂ ಗೊತ್ತಿರದ ಜಾಗ'. ಪುಸ್ತಕ ಓದುಗರ ಕೈ ಸೇರುವ ಹೊತ್ತಿಗೆ ನೀರು ಏರುತ್ತಿತ್ತು. 216 ಮೀಟರ್ ಎತ್ತರದ ಗೋಡೆ, ಅದರ ಹಿಂದೆ ಸುಮಾರು 300 ಕಿಲೋಮೀಟರ್ ಉದ್ದದ ಜಲಾಶಯ. ಅದಕ್ಕೆ ಇಟ್ಟ ಹೆಸರು ಲೇಕ್ ಪೊವೆಲ್. ಅದು 1980ರಲ್ಲಿ ಮೊದಲ ಸಲ ಪೂರ್ತಿ ತುಂಬಿತು.

ಪುಸ್ತಕ ಗ್ಲೆನ್ ಕ್ಯಾನಿಯನ್ನನ್ನು ಉಳಿಸಲಿಲ್ಲ. ಆದರೆ ಅದಾದ ಮೇಲೆ ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಅಣೆಕಟ್ಟು ಕಟ್ಟುವ ಮಾತು ಬಂದಾಗ ಜನ ಸುಮ್ಮನಿರಲಿಲ್ಲ. 1968ರ ಕಾನೂನಿನಿಂದ ಆ ಅಣೆಕಟ್ಟುಗಳು ಹೊರಬಿದ್ದವು. ಒಂದು ಜಾಗದ ಫೋಟೋ ಇನ್ನೊಂದು ಜಾಗಕ್ಕೆ ನೆರವಾಯಿತು.

ಇದನ್ನು ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆಲಮಟ್ಟಿ. ಕೃಷ್ಣೆಯ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಎಷ್ಟೋ ಭಾಗ, ಸುತ್ತಲಿನ ಎಷ್ಟೋ ಹಳ್ಳಿಗಳು ಹೋದವು. ನಮ್ಮ ಮನೆಯಲ್ಲಿ ಮುಳುಗಿದ ನಮ್ಮ ಅಜ್ಜನ ಮನೆಯ ಫೋಟೋ ಅಂತ ಒಂದೂ ಇಲ್ಲ. ಇರುವುದು ಚಿಕ್ಕಪ್ಪನ ಮದುವೆಯ ಒಂದು ಫೋಟೋ. ಅದರಲ್ಲಿ ಮದುಮಕ್ಕಳ ಹಿಂದೆ ಅರ್ಧ ಬಾಗಿಲು, ಒಂದು ಗೂಡು, ಸ್ವಲ್ಪ ಕಟ್ಟೆ ಕಾಣುತ್ತದೆ. ಅಮ್ಮ ಆ ಫೋಟೋ ನೋಡುವಾಗ ಮದುಮಕ್ಕಳನ್ನು ನೋಡುವುದಿಲ್ಲ. ಹಿಂದಿನ ಕಟ್ಟೆಯ ಮೇಲೆ ಬೆರಳಿಟ್ಟು 'ಇಲ್ಲೇ ನೋಡು ನಾವು ಜ್ವಾಳಾ ಹಸನ ಮಾಡತಿದ್ವಿ' ಅನ್ನುತ್ತಾಳೆ. ಪೋರ್ಟರ್‌ನಂಥವನು ನಮ್ಮೂರಿಗೆ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಸುಂದರವಾದ ಜಾಗ ಮುಳುಗಿದರೆ ಪುಸ್ತಕ ಬರುತ್ತದೆ, ಸಾದಾ ಜಾಗ ಮುಳುಗಿದರೆ ಪರಿಹಾರದ ಕಡತ ಬರುತ್ತದೆ.

ಗ್ಲೆನ್ ಕ್ಯಾನಿಯನ್ ಕತೆ ಅಲ್ಲಿಗೇ ಮುಗಿಯಲಿಲ್ಲ. 2000ದ ನಂತರದ ದೀರ್ಘ ಬರದಿಂದ ಲೇಕ್ ಪೊವೆಲ್ ಇಳಿಯುತ್ತಾ ಹೋಯಿತು. 2023ರ ವಸಂತದ ಹೊತ್ತಿಗೆ ಕಾಲು ಭಾಗಕ್ಕಿಂತ ಕಡಿಮೆ ನೀರಿತ್ತು. 'ಕ್ಯಾಥೆಡ್ರಲ್ ಇನ್ ದ ಡೆಸರ್ಟ್' ಎಂಬ, ಪೋರ್ಟರ್ ಕಾಲದಲ್ಲಿ ಹೆಸರಾಗಿದ್ದ ಗುಹೆಯಂಥ ಕಣಿವೆ 2005ರಲ್ಲೊಮ್ಮೆ, 2021ರ ನಂತರ ಮತ್ತೊಮ್ಮೆ ನೀರಿನಿಂದ ಎದ್ದು ಬಂತು. ಹಳೆಯ ಫೋಟೋ ಹಿಡಿದುಕೊಂಡು ಹೋದವರಿಗೆ ಅದೇ ಗೋಡೆ, ಅದೇ ಝರಿ ಸಿಕ್ಕಿತು. ಸುತ್ತಲಿನ ಬಂಡೆಗಳ ಮೇಲೆ ಮಾತ್ರ ಬಕೆಟ್ಟಿನಲ್ಲಿ ಗಡಸು ನೀರು ನಿಂತರೆ ಆಗುವಂಥ ಬಿಳಿ ಕಲೆ, ಹತ್ತಾರು ಮೀಟರ್ ಎತ್ತರಕ್ಕೆ.

ಎರಡು ಫೋಟೋಗಳ ನಡುವೆ ಡಿಫ್

ನಾವು ಕೋಡಿನ ಎರಡು ಆವೃತ್ತಿಗಳ ನಡುವೆ ಏನು ಬದಲಾಗಿದೆ ಅಂತ ಡಿಫ್ ಹಾಕಿ ನೋಡುತ್ತೇವಲ್ಲ, 1977ರಿಂದ 1979ರವರೆಗೆ ಮಾರ್ಕ್ ಕ್ಲೆಟ್, ಎಲೆನ್ ಮ್ಯಾಂಚೆಸ್ಟರ್, ಜೋಆನ್ ವೆರ್ಬರ್ಗ್ ಮತ್ತಿತರರು ಸೇರಿ ಪಶ್ಚಿಮದ ಹಳೆಯ ಸರ್ವೆ ಫೋಟೋಗಳಿಗೆ ಅದನ್ನೇ ಮಾಡಿದರು. 120ಕ್ಕೂ ಹೆಚ್ಚು ಕಡೆ ಹಳೆಯ ಕ್ಯಾಮೆರಾ ನಿಂತ ಜಾಗವನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ವಿಧಾನ ನನಗೆ ಬಹಳ ಹಿಡಿಸಿತು. ಮುಂದಿನ ಬಂಡೆಯ ತುದಿ ಹಿಂದಿನ ಬೆಟ್ಟದ ಯಾವ ಬಿರುಕಿಗೆ ತಾಗುತ್ತದೆ ಅಂತ ನೋಡುವುದು. ತಾಗದಿದ್ದರೆ ಎಡಕ್ಕೋ ಬಲಕ್ಕೋ ಸರಿಯುವುದು. ಸ್ಥಳದಲ್ಲೇ ಪೋಲರಾಯ್ಡ್ ತೆಗೆದು ಹಳೆಯ ಚಿತ್ರದೊಂದಿಗೆ ಅಳತೆ ಹಾಕುವುದು. ನೆರಳು ನೋಡಿ ತಿಂಗಳು, ಗಂಟೆ ಎರಡನ್ನೂ ಹೊಂದಿಸುವುದು. 1984ರಲ್ಲಿ ಇದೆಲ್ಲ ಪುಸ್ತಕವಾಯಿತು.

ಫಲಿತಾಂಶ? ಕೆಲವು ಕಡೆ ನೂರು ವರ್ಷದಲ್ಲಿ ಒಂದು ಕಲ್ಲೂ ಅಲುಗಿರಲಿಲ್ಲ, ಕೆಲವು ಕಡೆ ಊರುಗಳೇ ಹುಟ್ಟಿ ಸತ್ತಿದ್ದವು. ಇನ್ನೂ ಒಂದು ಸಂಗತಿ ಬಯಲಾಯಿತು. ಯೂಟಾದ ವೀಬರ್ ಕಣಿವೆಯಲ್ಲಿ ಓ'ಸಲ್ಲಿವನ್ 1869ರಲ್ಲಿ ತೆಗೆದ ಬಂಡೆಗಳ ಚಿತ್ರದಲ್ಲಿ ಅವು ಭಯಂಕರವಾಗಿ ವಾಲಿ ನಿಂತಿವೆ. ಅದೇ ಜಾಗದಲ್ಲಿ ನಿಂತು ನೋಡಿದರೆ ಕ್ಯಾಮೆರಾವನ್ನೇ ವಾಲಿಸಿ ತೆಗೆದಿದ್ದಾನೆ! ಆಕಾಶ ಬೆಳ್ಳಗೆ ಸುಟ್ಟುಹೋಗಿರುವುದರಿಂದ ವಾಲಿಸಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಸರ್ಕಾರಿ ದಾಖಲೆ ಅಂತ ನಂಬಿದ್ದ ಚಿತ್ರದಲ್ಲೂ ತೆಗೆದವನ ಕೈವಾಡ ಇತ್ತು.

ಈಗಿನ ಕೆಂಪು

ಇವತ್ತು ಪೇಜ್ ಎಂಬ ಊರು ಈ ಚಿತ್ರಗಳ ಯಾತ್ರೆಯ ಕೇಂದ್ರ. 1957ರಲ್ಲಿ ಆ ಊರು ಹುಟ್ಟಿದ್ದೇ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಕೆಲಸಗಾರರಿಗಾಗಿ. ಪಕ್ಕದ ಆಂಟೆಲೋಪ್ ಕ್ಯಾನಿಯನ್ ನವಾಹೋಗಳದ್ದು, ಅವರ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. 1997ರ ಆಗಸ್ಟ್ 12ರಂದು ಎಷ್ಟೋ ಮೈಲಿ ಆಚೆ ಬಿದ್ದ ಮಳೆಯ ನೀರು ಈ ಕಿರುಗಣಿವೆಗೆ ನುಗ್ಗಿ 11 ಪ್ರವಾಸಿಗರು ಸತ್ತರು. ನಾನು ಹೋದಾಗ ನಮ್ಮ ಗೈಡ್ ಮೊದಲು ಹೇಳಿದ್ದು ಆ ವಿಷಯ. ಎರಡನೆಯದಾಗಿ ಆಕೆ ಎಲ್ಲರ ಮೊಬೈಲನ್ನು ಒಬ್ಬೊಬ್ಬರಿಂದ ಇಸಿದುಕೊಂಡು ಸೆಟ್ಟಿಂಗ್ ಬದಲಿಸಿ ಕೊಟ್ಟಳು. ಅದರಲ್ಲಿ ನೋಡಿದರೆ ಬಂಡೆ ಕೆಂಡದಂತೆ ಉರಿಯುತ್ತಿದೆ! ಮೊಬೈಲ್ ಕೆಳಗಿಳಿಸಿ ನೋಡಿದರೆ ತಿಳಿಗೆಂಪು, ಬೂದು, ಅಲ್ಲಲ್ಲಿ ನೇರಳೆ. 'ಜನ ಇದನ್ನೇ ಕೇಳೋದು' ಅಂತ ನಕ್ಕಳು. ಒಂದು ಕಾಲಕ್ಕೆ ಕೆಂಪೇ ಕಾಣದ ಕ್ಯಾಮೆರಾ, ಈಗ ಇಲ್ಲದಷ್ಟು ಕೆಂಪು ಕಾಣುವ ಕ್ಯಾಮೆರಾ.

ಜಾಗಗಳ ಮೇಲೆ ಒತ್ತಡವೂ ಹಾಗೇ ಏರಿದೆ. 'ದಿ ವೇವ್' ಎಂಬ ಅಲೆಯಾಕಾರದ ಬಂಡೆಗೆ ದಿನಕ್ಕೆ ಬರೀ 20 ಜನರಿಗೆ ಲಾಟರಿ ಎತ್ತಿ ಅನುಮತಿ ಕೊಡುತ್ತಿದ್ದರು, 2021ರಲ್ಲಿ ಅದನ್ನು 64ಕ್ಕೆ ಏರಿಸಿದರು. 2000ದಲ್ಲಿ ಫೋಟೋಗ್ರಾಫರ್ ಒಬ್ಬ ರಾತ್ರಿ ಚಿತ್ರಕ್ಕೆ ಬೆಳಕು ಬೇಕು ಅಂತ ಡೆಲಿಕೇಟ್ ಆರ್ಚ್ ಕಮಾನಿನ ಬುಡದಲ್ಲಿ ಬೆಂಕಿ ಹಾಕಿ ಕಲ್ಲಿಗೆ ಕಲೆ ಮಾಡಿ ಕೋರ್ಟಿನಲ್ಲಿ ಶಿಕ್ಷೆ ಅನುಭವಿಸಿದ. ಚಿತ್ರ ಬೇಕು, ಕಲ್ಲು ಏನಾದರೂ ಆಗಲಿ!

ಹಾಗಂತ ಕಲ್ಲು ಶಾಶ್ವತವೂ ಅಲ್ಲ. ಆರ್ಚಸ್ ರಾಷ್ಟ್ರೀಯ ಉದ್ಯಾನದ ವಾಲ್ ಆರ್ಚ್ 2008ರ ಆಗಸ್ಟ್‌ನಲ್ಲಿ ಒಂದು ರಾತ್ರಿ ತಾನಾಗಿಯೇ ಕುಸಿಯಿತು. 2024ರ ಆಗಸ್ಟ್ 8ರಂದು ಲೇಕ್ ಪೊವೆಲ್ ದಡದ ಡಬಲ್ ಆರ್ಚ್ ಬಿತ್ತು. ನೀರು ಏರಿ ಇಳಿದು ಕಲ್ಲನ್ನು ಸಡಿಲ ಮಾಡಿರಬಹುದು ಅಂತ ಉದ್ಯಾನದವರು ಹೇಳಿದರು. ಈಗ ಅವೆರಡೂ ಇರುವುದು ಫೋಟೋಗಳಲ್ಲಿ ಮಾತ್ರ.

ಇಷ್ಟೆಲ್ಲ ಓದಿದ ಮೇಲೆ ನನಗನಿಸಿದ್ದು ಇಷ್ಟು. ಒಂದು ಜಾಗ ಉಳಿಯಬೇಕೋ ಬೇಡವೋ ಎಂಬ ತೀರ್ಮಾನ ಆಗುವಾಗ ಮೇಜಿನ ಮೇಲೆ ಅದರ ಚಿತ್ರ ಇತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸ ಆಗಿದೆ. ಆ ಚಿತ್ರದಲ್ಲಿ ಅಲ್ಲಿ ಬದುಕುವವರು ಇದ್ದರೋ ಇಲ್ಲವೋ ಎಂಬುದರಿಂದ ಇನ್ನೂ ದೊಡ್ಡ ವ್ಯತ್ಯಾಸ ಆಗಿದೆ. ಓ'ಸಲ್ಲಿವನ್ ಪಟ್ಟ ಕಷ್ಟದ ನೂರರಲ್ಲಿ ಒಂದು ಪಾಲೂ ಈಗ ಬೇಕಿಲ್ಲ, ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಹಾಗಾಗಿ ಬ್ಲಾಗಿಗ ಮಿತ್ರರಲ್ಲಿ ಒಂದು ಕೋರಿಕೆ. ಊರಿಗೆ ಹೋದಾಗ ಗುಡಿ, ಜಲಪಾತದ ಜೊತೆಗೆ ಮನೆಯ ಕಟ್ಟೆ, ಬಾವಿ, ಸಂತೆ, ಕಣ, ಬಸ್ ಸ್ಟ್ಯಾಂಡಿನ ಫೋಟೋಗಳನ್ನೂ ತೆಗೆದಿಡಿ. ತೆಗೆದ ದಿನ, ನಿಂತ ಜಾಗ, ಚಿತ್ರದಲ್ಲಿರುವವರ ಹೆಸರು ಬರೆದಿಡಿ. ಬಣ್ಣ ಜಾಸ್ತಿ ಮಾಡಬೇಡಿ. ನಿಮ್ಮ ಕಡೆ ಮುಳುಗಿದ ಊರುಗಳ ಹಳೆಯ ಫೋಟೋ ಯಾರ ಟ್ರಂಕಿನಲ್ಲಾದರೂ ಇದ್ದರೆ ಸ್ಕ್ಯಾನ್ ಮಾಡಿ ನಿಮ್ಮ ಬ್ಲಾಗಿಗೆ ಹಾಕಿ, ಮದುವೆ ಫೋಟೋ ಆದರೂ ಪರವಾಗಿಲ್ಲ. ನಮ್ಮ ಚಿಕ್ಕಪ್ಪನ ಮದುವೆಯದನ್ನು ಸ್ಕ್ಯಾನ್ ಮಾಡಿದ್ದೇನೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಗೂಡು, ಯಾವ ಬಾಗಿಲು ಅಂತ ಒಂದೊಂದೇ ಗುರುತು ಹಾಕುವ ಕೆಲಸ ನಡೆದಿದೆ, ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ.